ಡಾಕ್ಟರ್ ಆಗದೆ ದವಾಖಾನೆ ನಡೆಸುವ ಓದು: ಎಂಎಚ್‌ಎ ಸೇರುವ ಮೊದಲು



ಕಳೆದ ದೀಪಾವಳಿಗೆ ಅಂಗಡಿ ಪೂಜೆ ಮುಗಿದ ಮೇಲೆ ತಮ್ಮನ ಮಗಳು ಕೇಳಿದಳು: “ದೊಡ್ಡಪ್ಪ, ನೀಟ್ ಬರೀಲಾರ್ದೆ ದವಾಖಾನ್ಯಾಗ ಛಲೋ ಕೆಲಸ ಸಿಗ್ತದೇನ್ರಿ?” ಅವಳು ಆಗ ಬಿ.ಕಾಂ. ಕೊನೆಯ ವರ್ಷ. ಮನೆಯಲ್ಲಿ ವರ ನೋಡುವ ಮಾತು ಶುರುವಾಗಿತ್ತು. ಪಿಯುಸಿ ಮುಗಿಸಿ ತೊಗರಿ ಅಡತಿಗೆ ಕೂತ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. “ವಿಚಾರಿಸಿ ಹೇಳ್ತೀನಿ ತಾಯಿ” ಅಂದೆ.

ಆದರೆ ಆ ಕೆಲಸ ಎಂಥದ್ದೆಂಬುದು ನನಗೆ ಹೊಸದಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ರೋಗಿಗಳನ್ನು ಕಲಬುರಗಿಗೆ ಕರೆದೊಯ್ಯುವ ಸೇವೆಯಲ್ಲಿ ಬಹಳ ವರ್ಷ ಓಡಾಡಿದ್ದೇನೆ. ಡಾಕ್ಟರ ಕೋಣೆಗಿಂತ ಬಿಲ್ಲಿನ ಕಿಟಕಿ ಮುಂದೆ ನಿಂತದ್ದೇ ಹೆಚ್ಚು. ಒಮ್ಮೆ ಒಬ್ಬ ಅಜ್ಜಿಗೆ ಮಧ್ಯಾಹ್ನ ಎರಡಕ್ಕೆ “ಮನೆಗೆ ಹೋಗಬಹುದು” ಎಂದು ಹೇಳಿದರು. ನಾವು ಹೊರಬಿದ್ದದ್ದು ರಾತ್ರಿ ಒಂಬತ್ತಕ್ಕೆ. ವಿಮೆಯ ಒಂದು ಕಾಗದಕ್ಕೆ ಸಹಿ ಆಗಿರಲಿಲ್ಲ. ಅಜ್ಜಿ ಚೌವಿಹಾರ ಪಾಲಿಸುವವರು, ಸಂಜೆ ಮೇಲೆ ನೀರೂ ಮುಟ್ಟಲಿಲ್ಲ. ಅಲ್ಲಿ ಔಷಧ ಕೊಡುವವರಿಗೆ ಕೊರತೆ ಇರಲಿಲ್ಲ, ಕಾಗದ ಮುಂದೆ ಸಾಗಿಸುವವರಿಗೆ ಇತ್ತು.

ಈ ಕಾಗದದ ಕೆಲಸ ಬೆಳೆದದ್ದು ನಮ್ಮ ಕಣ್ಣೆದುರಿಗೇ. ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ರಾಜ್ಯದಲ್ಲಿ ಮೊದಲು ಶುರುವಾದದ್ದು ನಮ್ಮ ಗುಲ್ಬರ್ಗಾ ವಿಭಾಗದಲ್ಲೇ. ಬಡವರ ದೊಡ್ಡ ಶಸ್ತ್ರಚಿಕಿತ್ಸೆಗೆ ಸರ್ಕಾರವೇ ಹಣ ಕೊಡುವ ವ್ಯವಸ್ಥೆ ಅದು. 2018ರಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಬಂತು. ವಾಡಿ, ಶಹಾಬಾದ್ ಕಾರ್ಮಿಕರಿಗೆ ಇಎಸ್‌ಐ ಬೇರೆ. ಪ್ರತಿಯೊಂದಕ್ಕೂ ಮುಂಚಿನ ಅನುಮತಿ, ದಾಖಲೆ, ಹಣದ ಬೇಡಿಕೆ. ಕಲಬುರಗಿಯಲ್ಲಿ ಈಗ ಬಸವೇಶ್ವರ ಆಸ್ಪತ್ರೆ, ಜಿಮ್ಸ್, ಇಎಸ್‌ಐಸಿ, 371 ಹಾಸಿಗೆಗಳ ಜಯದೇವ ಎಲ್ಲ ಇವೆ. ಇಂಥ ದೊಡ್ಡ ಸಂಸ್ಥೆಗಳನ್ನು ನಡೆಸುವುದನ್ನು ಕಲಿಸುವ ಎರಡು ವರ್ಷದ ಸ್ನಾತಕೋತ್ತರ ಪದವಿಯೇ ಎಂಎಚ್‌ಎ, ಅಂದರೆ ಆಸ್ಪತ್ರೆ ಆಡಳಿತದ ಮಾಸ್ಟರ್ಸ್.

ಅವಳು ತಂದ ಪುಸ್ತಕ ತಿರುವಿ ಹಾಕಿದಾಗ ನನಗೆ ನಗು ಬಂತು. ನಾನು ನಲವತ್ತು ವರ್ಷ ಅಡತಿಯಲ್ಲಿ ಮಾಡಿದ್ದಕ್ಕೆ ಅಲ್ಲಿ ಹೆಸರಿಟ್ಟಿದ್ದಾರೆ! ಉಗ್ರಾಣದ ಸಾಮಾನನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ನೂರು ಬಗೆಯ ಔಷಧಿಯಲ್ಲಿ ಸುಮಾರು ಹತ್ತೇ ಬಗೆ ನೂರಕ್ಕೆ ಎಪ್ಪತ್ತರಷ್ಟು ಹಣ ನುಂಗುತ್ತವೆ, ಅವು ಎ. ಅವುಗಳ ಲೆಕ್ಕ ಬಿಗಿಯಾಗಿರಬೇಕು. ಇಷ್ಟು ನಮಗೂ ಗೊತ್ತು. ಆದರೆ ದವಾಖಾನೆಗೆ ಇನ್ನೊಂದು ವಿಂಗಡಣೆ ಇದೆ: ಇಲ್ಲದಿದ್ದರೆ ಜೀವ ಹೋಗುವಂಥದ್ದು, ಅಗತ್ಯವಾದದ್ದು, ಇದ್ದರೆ ಒಳ್ಳೆಯದು. ಅಗ್ಗದ ಒಂದು ಇಂಜೆಕ್ಷನ್ ಹಣದ ಲೆಕ್ಕದಲ್ಲಿ ಕೊನೆಗೆ ಬಂದರೂ ಈ ಲೆಕ್ಕದಲ್ಲಿ ಮೊದಲಿಗೆ ಬರುತ್ತದೆ. ನಮ್ಮ ಗೋದಾಮಿನಲ್ಲಿ ಮೊದಲು ಬಂದ ಮಾಲು ಮೊದಲು ಹೋಗುತ್ತದೆ. ಅಲ್ಲಿ ಅವಧಿ ಮೊದಲು ಮುಗಿಯುವುದು ಮೊದಲು ಹೋಗಬೇಕು. ಇದರ ಜೊತೆಗೆ ಖರ್ಚುವೆಚ್ಚ, ಸಿಬ್ಬಂದಿ ಪಾಳಿ, ವೈದ್ಯಕೀಯ ದಾಖಲೆ, ಖಾಸಗಿ ಆಸ್ಪತ್ರೆಗಳ ನೋಂದಣಿಯ 2007ರ ರಾಜ್ಯ ಕಾನೂನು, ಆಸ್ಪತ್ರೆ ತ್ಯಾಜ್ಯದ 2016ರ ನಿಯಮ, ಎನ್‌ಎಬಿಎಚ್ ಗುಣಮಟ್ಟ ಎಲ್ಲವೂ ಇರುತ್ತವೆ. ವ್ಯಾಪಾರದ ಮನೆಯ ಮಕ್ಕಳಿಗೆ ಇದರಲ್ಲಿ ಅರ್ಧ ಮನೆಪಾಠವೇ.

ಹೆಚ್ಚಿನ ಕಡೆ ಯಾವುದೇ ಪದವಿ ಆಗಿದ್ದರೂ ಸೇರಬಹುದು. ಎಂಬಿಬಿಎಸ್ ಬೇಕಾಗುವುದು ಎಂ.ಡಿ. (ಆಸ್ಪತ್ರೆ ಆಡಳಿತ) ಎಂಬ ಬೇರೆ ಕೋರ್ಸಿಗೆ. ಎಂಬಿಎಯಲ್ಲಿ ಆಸ್ಪತ್ರೆ ನಿರ್ವಹಣೆ ವಿಷಯ ತೆಗೆದುಕೊಳ್ಳುವುದು ಇನ್ನೊಂದು ದಾರಿ. ಕರ್ನಾಟಕದಲ್ಲಿ ಸರ್ಕಾರಿ ಸೀಟಿನ ಎಂಬಿಎಗೆ ಪಿಜಿಸಿಇಟಿ ಬರೆಯಬೇಕು. ಎಂಎಚ್‌ಎ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ, ಮಣಿಪಾಲದಲ್ಲಿ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಇದೆ. ನಮ್ಮವರಿಗೆ ಹೈದರಾಬಾದ್ ಸಮೀಪ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಎಂಬಿಎ ಇದೆ. ವಾಡಿ, ಚಿತ್ತಾಪುರ, ಸೇಡಂ ದಾಟಿ ಸಿಕಂದರಾಬಾದಿಗೆ ಹೋಗುವ ರೈಲು ಮಾರ್ಗದ ಲಿಂಗಂಪಲ್ಲಿ ನಿಲ್ದಾಣ ಅದರ ಹತ್ತಿರವೇ. ಚಿಂಚೋಳಿಯವರಿಗೆ ಮಾತ್ರ ಮೊದಲು ಬಸ್ಸೇ ಗತಿ.

ಆದರೆ ರಾಜ್ಯದ ಗಡಿ ದಾಟಿದರೆ 371ಜೆ ಸಿಗುವುದಿಲ್ಲ, ಇದನ್ನು ಬಹಳ ಮಂದಿ ಮರೆಯುತ್ತಾರೆ. ಸರ್ಕಾರ ಹಂಚುವ ಸೀಟುಗಳಲ್ಲಿ ನಮ್ಮ ಭಾಗದ ಸಂಸ್ಥೆಗಳಲ್ಲಿ 70%, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8% ನಮ್ಮ ಮಕ್ಕಳಿಗಿದೆ. ಮ್ಯಾನೇಜ್‌ಮೆಂಟ್ ಸೀಟಿಗೆ ಇದು ನಡೆಯದು. ಅರ್ಹತಾ ಪತ್ರ ಕೊಡುವವರು ಉಪವಿಭಾಗಾಧಿಕಾರಿಗಳು, ಕಚೇರಿ ಸೇಡಂನಲ್ಲಿದೆ. ದಿಗಂಬರ ಜೈನರು 3ಬಿ ಪ್ರವರ್ಗದಲ್ಲಿ ಬರುತ್ತಾರೆ, ಅದಕ್ಕೆ ತಹಶೀಲ್ದಾರರ ಜಾತಿ–ಆದಾಯ ಪತ್ರ ಬೇಕು. 2014ರಿಂದ ಜೈನರು ರಾಷ್ಟ್ರಮಟ್ಟದಲ್ಲೂ ಅಲ್ಪಸಂಖ್ಯಾತರು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲಕ್ಕೆ ನೀವು ಸೇರುವ ಕೋರ್ಸು ಬರುತ್ತದೆಯೇ ಎಂದು ಕಲಬುರಗಿಯ ಜಿಲ್ಲಾ ಕಚೇರಿಯಲ್ಲಿ ಮೊದಲೇ ಕೇಳಿ. ಫೀ ಕಟ್ಟಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಇನ್ನು ಮೋಸದ ಮಾತು. ನಮ್ಮ ಬೀಗರೊಬ್ಬರು ಏಜೆಂಟನ ಕೈಗೆ ಮುಂಗಡ ಕೊಟ್ಟು ಮಗನನ್ನು “ಎಂಎಚ್‌ಎ”ಗೆ ಸೇರಿಸಿದರು. ವರ್ಷದ ಕೊನೆಗೆ ಕೈಗೆ ಬಂದದ್ದು ಡಿಪ್ಲೊಮಾ ಕಾಗದ. ಡಿಪ್ಲೊಮಾ ಕೆಟ್ಟದ್ದೆಂದಲ್ಲ. ಇಗ್ನೋದಲ್ಲೂ ಆಸ್ಪತ್ರೆ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ. ಈಗಾಗಲೇ ಆಸ್ಪತ್ರೆಯಲ್ಲಿ ಇರುವವರಿಗೆ ಅದು ಉಪಯೋಗ. ಆದರೆ ಪದವಿಯ ಹಣ ಕೊಟ್ಟು ಡಿಪ್ಲೊಮಾ ತರಬಾರದು. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು, ಯುಜಿಸಿ ಪಟ್ಟಿಯಲ್ಲಿ ಇದೆಯೇ, ತರಬೇತಿ ಯಾವ ಆಸ್ಪತ್ರೆಯಲ್ಲಿ, ಎಷ್ಟು ತಿಂಗಳು? ಇಷ್ಟನ್ನು ಬರೆದೇ ಕೇಳಿ. ಬಾಯಿಮಾತಿನ ಉತ್ತರಕ್ಕೆ ಹಣ ಬಿಚ್ಚಬೇಡಿ. ನಾವು ತೊಗರಿಯನ್ನೂ ಮುಷ್ಟಿಯಲ್ಲಿ ಹಿಡಿದು ನೋಡದೆ ಕೊಳ್ಳುವುದಿಲ್ಲ.

ತಮ್ಮನ ಮಗಳಿಗೆ ನಾನು ಹೇಳಿದ್ದು ಇಷ್ಟೇ: ಅರ್ಜಿ ಹಾಕುವ ಮೊದಲು ಆರು ತಿಂಗಳು ಯಾವುದಾದರೂ ದವಾಖಾನೆಯ ಬಿಲ್ಲಿನ ಕಿಟಕಿಯ ಒಳಗೆ ಕೂತು ನೋಡು. ಅಳುವವರು, ಬೈಯುವವರು, ರಾತ್ರಿ ಪಾಳಿ ಎಲ್ಲ ಅಲ್ಲೇ ಕಾಣುತ್ತದೆ. ಸಂಬಳ ಕಡಿಮೆ, ಕಲಬುರಗಿಯಲ್ಲಿ ಕೋಣೆ ಬಾಡಿಗೆಗೆ ಹೋದರೆ ಉಳಿಯುವುದು ಏನೂ ಇಲ್ಲ. ತಮ್ಮನಿಗೆ ಮೊದಲು ಸಿಟ್ಟು ಬಂದಿತ್ತು. ಈಗ ಅವಳು ಅಲ್ಲಿಗೆ ಹೋಗಿ ನಾಲ್ಕು ತಿಂಗಳಾಯಿತು. ಮೊನ್ನೆ ಅಮಾವಾಸ್ಯೆಗೆ ಬಂದಾಗ, ಬಿಡುಗಡೆಯ ಕಾಗದ ತಡವಾಗುವುದು ಯಾವ ಮೇಜಿನಲ್ಲಿ ಎಂದು ನನಗೆ ಚಿತ್ರ ಬರೆದು ತೋರಿಸಿದಳು. 371ಜೆ ಪತ್ರಕ್ಕೆ ಅರ್ಜಿ ಕೊಟ್ಟಾಗಿದೆ. ವರ ನೋಡುವ ಮಾತನ್ನು ತಮ್ಮ ಎರಡು ವರ್ಷ ಮುಂದೂಡಿದ್ದಾನೆ.