ಬಿಸಿಲಿನ ಜಮಾ, ರಾತ್ರಿಯ ಖರ್ಚು



2024ರ ಮಹಾವೀರ ಜಯಂತಿಯ ಸಂಜೆ, ಜತ್ತ ತಾಲೂಕಿನ ನಮ್ಮೂರ ಬಸದಿಯ ಮುಂದಿನ ಬಯಲಿನಲ್ಲಿ ಭಕ್ತಿಸಂಗೀತ ಇಟ್ಟಿದ್ದೆವು. ಮಂಡಳಿಯ ಖಜಾಂಚಿಯಾದ ನಾನು ಬಾಡಿಗೆಯ ಡೀಸೆಲ್ ಜನರೇಟರ್ ತರಿಸಿ ಗೋಡೆಯ ಹಿಂದೆ ನಿಲ್ಲಿಸಿದ್ದೆ. ಗಾಳಿ ತಿರುಗಿತು, ಹೊಗೆಯೆಲ್ಲ ಹೆಣ್ಣುಮಕ್ಕಳು ಕುಳಿತ ಕಡೆಗೆ ಬಂತು. ನಮ್ಮ ಅಕ್ಕನಿಗೆ ಆಗ 74 ವರ್ಷ, ದಮ್ಮಿನ ಬೇನೆ. ಮೂರನೆಯ ಹಾಡಿಗೇ ಸೆರಗು ಮೂಗಿಗೆ ಹಿಡಿದು ಎದ್ದು ಮನೆಗೆ ಹೋದಳು. ಹಾಡುತ್ತಿದ್ದ ಹುಡುಗಿಯರಿಗೆ ಆ ಹಾಡುಗಳನ್ನು ಕಲಿಸಿದವಳೇ ಅವಳು. ಮರುದಿನ ಅವಳು ಅಂದದ್ದು ಇಷ್ಟೇ: "ತಮ್ಮಾ, ಹಾಡಿಗಿಂತ ಮಷೀನಿನ ಸಪ್ಪಳವೇ ದೊಡ್ಡದಿತ್ತು."

ಆ ಮಾತು ಮನಸ್ಸಿನಲ್ಲಿ ಉಳಿಯಿತು. ಅದೇ ವರ್ಷ ಆಗಸ್ಟ್ 25ರಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಬಯಲಿನಲ್ಲಿ 'ಮ್ಯಾಸಿವ್ ಅಟ್ಯಾಕ್' ಎಂಬ ವಾದ್ಯವೃಂದ 30 ಸಾವಿರಕ್ಕೂ ಹೆಚ್ಚು ಜನರ ಮುಂದೆ ಕಾರ್ಯಕ್ರಮ ನಡೆಸಿತೆಂದೂ, ಡೀಸೆಲ್ ಬದಲು ದೊಡ್ಡ ಬ್ಯಾಟರಿಗಳಿಂದಲೇ ನಡೆಯಿತೆಂದೂ ಮೊಮ್ಮಗ ಓದಿ ಹೇಳಿದ. ಅಲ್ಲಿ ಮಾರಿದ ಆಹಾರವೂ ಪೂರ್ತಿ ಸಸ್ಯಾಹಾರವಂತೆ. ಕೋಲ್ಡ್‌ಪ್ಲೇ ತಂಡವು 2022ರಲ್ಲಿ ಆರಂಭಿಸಿದ ಪ್ರವಾಸಕ್ಕೆ ಬಿ.ಎಂ.ಡಬ್ಲ್ಯೂ. ಕಾರುಗಳ ಬ್ಯಾಟರಿಗಳನ್ನೇ ಜೋಡಿಸಿಕೊಂಡಿತ್ತು ಎಂಬುದನ್ನೂ ಅವನೇ ತಿಳಿಸಿದ.

ಇಷ್ಟು ಕೇಳಿ, ವೇದಿಕೆಯ ಮೇಲೆ ಸೌರ ಫಲಕ ಕಟ್ಟಿದರೆ ಮುಗಿಯಿತು ಎಂದುಕೊಂಡಿದ್ದೆ. ಅದು ತಪ್ಪು. ಸಂಗೀತ ನಡೆಯುವುದು ರಾತ್ರಿ, ಸೂರ್ಯ ಬರುವುದು ಹಗಲು. ಆದ್ದರಿಂದ ಬ್ಯಾಟರಿಯೇ ನಮ್ಮ ತಿಜೋರಿ. ಹಗಲಿನ ಜಮಾ ಅದರಲ್ಲಿರಬೇಕು, ರಾತ್ರಿ ಅದರಿಂದಲೇ ಖರ್ಚು. ಬ್ರಿಸ್ಟಲ್‌ನಲ್ಲೂ ಬ್ಯಾಟರಿಗಳನ್ನು ಮೊದಲೇ ತುಂಬಿಸಿ ತಂದಿದ್ದರು. ವ್ಯಾಪಾರಿಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲು ಖರ್ಚಿನ ಅಂದಾಜು, ಆಮೇಲೆ ಬಂಡವಾಳ.

ಕಿರ್ದಿ ಬರೆಯುವಂತೆ ಬರೆದೆವು. ಆಂಪ್ಲಿಫೈಯರಿನ ಮೇಲೆ 3000 ವ್ಯಾಟ್ ಎಂದಿದ್ದರೂ ಹಾಡು ಒಂದೇ ಸಮ ಅಷ್ಟನ್ನು ತಿನ್ನುವುದಿಲ್ಲ. ಜೋರು ಸ್ವರ ಕ್ಷಣಮಾತ್ರದ್ದು. ಸರಾಸರಿಗೆ ಎಂಟರಲ್ಲಿ ಒಂದು ಪಾಲು ಹಿಡಿಯುವುದು ಆ ಕಸಬಿನವರ ರೂಢಿ. ನಾವು ಕೈ ಬಿಗಿ ಹಿಡಿಯದೆ 500 ಹಿಡಿದೆವು. ಎಲ್.ಇ.ಡಿ. ದೀಪಗಳಿಗೆ 400, ಆರು ಫ್ಯಾನುಗಳಿಗೆ 450. ಒಟ್ಟು 1350 ವ್ಯಾಟ್. ನಾಲ್ಕು ಗಂಟೆಗೆ 5.4 ಯೂನಿಟ್, ಇನ್ವರ್ಟರಿನಲ್ಲಿ ಸೋರುವುದನ್ನೂ ಸೇರಿಸಿ 6. ಇಷ್ಟಕ್ಕಾಗಿ ನಾನು 15 ಕೆ.ವಿ.ಎ. ಜನರೇಟರ್ ತರಿಸಿದ್ದೆ! ಬುಟ್ಟಿ ಹೊರಲು ಆನೆ ಕಟ್ಟಿದ ಹಾಗೆ. ಹೊರೆ ಕಡಿಮೆಯಿದ್ದಷ್ಟೂ ಜನರೇಟರ್ ಪ್ರತಿ ಯೂನಿಟ್ಟಿಗೆ ಹೆಚ್ಚು ಡೀಸೆಲ್ ಕುಡಿಯುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಎರಡೂವರೆ ಕಿಲೋಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

2025ರ ಜಯಂತಿಗೆ 10 ಯೂನಿಟ್ಟಿನ ಲಿಥಿಯಂ ಬ್ಯಾಟರಿ, 3000 ವ್ಯಾಟಿನ ಇನ್ವರ್ಟರ್ ಬಾಡಿಗೆಗೆ ತಂದೆವು. 540 ವ್ಯಾಟಿನ ನಾಲ್ಕು ಫಲಕಗಳನ್ನು ಎರಡು ದಿನ ಮೊದಲೇ ಬಿಸಿಲಿಗಿಟ್ಟೆವು. ನಮ್ಮ ಕಡೆ ಮಳೆ ಕಡಿಮೆ, ಬಿಸಿಲಿಗೆ ಬರವಿಲ್ಲ. ಚೈತ್ರದ ದಿನ ಒಂದು ಕಿಲೋವ್ಯಾಟ್ ಫಲಕದಿಂದ ನಾಲ್ಕು ಯೂನಿಟ್ ನಂಬಬಹುದು. ಆದರೂ ಅಂಜಿಕೆಯಿಂದ ಜನರೇಟರನ್ನೂ ತಂದು ದೂರ ನಿಲ್ಲಿಸಿದ್ದೆವು ಎಂಬುದನ್ನು ಮುಚ್ಚಿಡುವುದಿಲ್ಲ.

ಒಂದು ಎಡವಟ್ಟು ಆಯಿತು. ಒಂಬತ್ತರ ಸುಮಾರಿಗೆ ಯಾರೋ ಉತ್ಸಾಹಿ ತರುಣರು ಬಾಗಿಲ ಬಳಿ ಸಾವಿರ ವ್ಯಾಟಿನ ಎರಡು ಹಳೆಯ ಹ್ಯಾಲೊಜೆನ್ ದೀಪ ಜೋಡಿಸಿದರು. 1350ಕ್ಕೆ 2000 ಸೇರಿತು. ಇನ್ವರ್ಟರ್ ತನ್ನನ್ನು ತಾನೇ ಬಂದ್ ಮಾಡಿಕೊಂಡಿತು. ಕತ್ತಲೆ. ಎಲ್ಲರೂ ನನ್ನ ಕಡೆ ನೋಡುತ್ತಿದ್ದಾರೆಂದು ಕತ್ತಲೆಯಲ್ಲೂ ತಿಳಿಯಿತು. ಆದರೆ ಹುಡುಗಿಯರು ಹಾಡು ನಿಲ್ಲಿಸಲಿಲ್ಲ. ಮೈಕಿಲ್ಲದೆ, ಮಷೀನಿನ ಸಪ್ಪಳವೂ ಇಲ್ಲದೆ, ಆ ಸ್ವರ ಹಿಂದಿನ ಸಾಲಿನ ತನಕ ಕೇಳಿಸಿತು. ದೀಪ ಕಳಚಿ, ಸ್ವಿಚ್ಚು ಒತ್ತಲು ನಾಲ್ಕು ನಿಮಿಷ ಹಿಡಿಯಿತು. ಜನರೇಟರ್ ಹಚ್ಚುವ ಪ್ರಸಂಗ ಬರಲಿಲ್ಲ. ಕೊನೆಗೆ ಬ್ಯಾಟರಿಯಲ್ಲಿ ಶಿಲ್ಕು 4 ಯೂನಿಟ್.

ಮಾಡಬೇಕೆನ್ನುವ ಬಂಧುಗಳಿಗೆ ನನ್ನ ಅನುಭವದ ನಾಲ್ಕು ಮಾತು. ಪ್ರತಿ ಉಪಕರಣದ ವ್ಯಾಟ್ ಬರೆದಿಡಿ. ಹ್ಯಾಲೊಜೆನ್, ನೀರು ಕಾಯಿಸುವ ಹೀಟರ್ ಇವನ್ನು ಆ ಲೈನಿಗೆ ಸೇರಿಸಲೇಬೇಡಿ. ಪ್ಲಗ್ಗಿನ ಬಳಿ ಒಬ್ಬ ಜವಾಬ್ದಾರ ಮನುಷ್ಯನನ್ನು ಕೂಡಿಸಿ. ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ, ಬೇಗ ಕೆಡುತ್ತದೆ. ಹಳೆಯದನ್ನು ಗುಜರಿಗೆ ಹಾಕದೆ ಮಾರಿದವರಿಗೇ ಮರಳಿಸಿ. ಅರ್ಥಿಂಗನ್ನು ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಬಾಡಿಗೆ ನಮಗೆ ಜನರೇಟರಿಗಿಂತ ಹೆಚ್ಚೇ ಬಿತ್ತು. ಜಮಾ-ಖರ್ಚು ಓದಿದಾಗ ಸಭೆಯಲ್ಲಿ ಒಬ್ಬ ಹಿರಿಯರು ಈ ಹೆಚ್ಚಿನ ಖರ್ಚಿನಿಂದ ಬಂದ ಲಾಭವೇನು ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆ ರಾತ್ರಿ ಅಕ್ಕ ಮೊದಲ ಸಾಲಿನಲ್ಲಿ ಕುಳಿತು ಮಂಗಳಾರತಿಯ ತನಕ ಏಳಲಿಲ್ಲ. ಅದನ್ನು ಯಾವ ಖಾತೆಗೆ ಹಾಕಬೇಕೆಂದು ನಲವತ್ತು ವರ್ಷ ಲೆಕ್ಕ ಬರೆದ ನನಗೂ ಹೊಳೆಯಲಿಲ್ಲ. ಜಮಾ ಎಂದು ಮಾತ್ರ ಬರೆದುಕೊಂಡೆ.