ಹಳೆಯ ಉಬುಂಟುವಿನಲ್ಲೇ ಕಾದರೆ ನಷ್ಟವೇನು?

ಮನೆಯ ಕಂಪ್ಯೂಟರಿನಲ್ಲಿ ಕೂಡಿಟ್ಟ ಸಿನಿಮಾ, ಹಾಡು, ಫೋಟೊಗಳನ್ನು ಟಿವಿಗೂ ಮೊಬೈಲಿಗೂ ಒದಗಿಸುವ ಮುಕ್ತ ತಂತ್ರಾಂಶ ಜೆಲ್ಲಿಫಿನ್. 2022ರ ಏಪ್ರಿಲ್‌ನಲ್ಲಿ ಲಿನಕ್ಸ್ ವ್ಯವಸ್ಥೆಯಾದ ಉಬುಂಟುವಿನ 22.04 ಆವೃತ್ತಿ ಬಿಡುಗಡೆಯಾದಾಗ ಅದರಲ್ಲಿ ಜೆಲ್ಲಿಫಿನ್ ಇನ್‌ಸ್ಟಾಲ್ ಮಾಡಹೊರಟವರಿಗೆ ಎದುರಾದ ತಕರಾರು ಇಷ್ಟೇ: ಇದಕ್ಕೆ ‘ಲಿಬ್‌ಎಸ್‌ಎಸ್‌ಎಲ್ 1.1’ ಎಂಬ ಲೈಬ್ರರಿ ಬೇಕು, ಅದು ಇಲ್ಲಿ ಸಿಗದು. ಹೊಸ ಉಬುಂಟುವಿಗೆ ಒಗ್ಗುವ ಜೆಲ್ಲಿಫಿನ್ 10.8 ಬಂದದ್ದು ಜೂನ್‌ನಲ್ಲಿ. ಈ ನಡುವಿನ ಕಾಯುವಿಕೆಯನ್ನು ತಂತ್ರಾಂಶ ಬರೆಯುವವರ ಉದಾಸೀನ ಎಂದು ದೂರುವುದು ಸುಲಭ. ಆದರೆ ಅದು ಸುರಕ್ಷತೆಗಾಗಿ ಲಿನಕ್ಸ್ ತಿಳಿದೇ ತೆರುವ ಬೆಲೆ.

ಲಿನಕ್ಸ್‌ನಲ್ಲಿ ಎಷ್ಟೋ ತಂತ್ರಾಂಶಗಳು ತಮಗೆ ಬೇಕಾದ ಎಲ್ಲವನ್ನೂ ತಾವೇ ಹೊತ್ತು ತರುವುದಿಲ್ಲ. ಗೂಢಲಿಪೀಕರಣದಂಥ ಕೆಲಸಕ್ಕೆ ವ್ಯವಸ್ಥೆಯಲ್ಲಿರುವ ಒಂದೇ ಲೈಬ್ರರಿಯನ್ನು ಹಂಚಿಕೊಳ್ಳುತ್ತವೆ. 2014ರಲ್ಲಿ ಅಂಥ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಗಂಭೀರ ದೋಷ ಬಯಲಾದಾಗ ಈ ಏರ್ಪಾಟಿನ ಲಾಭ ಎದ್ದುಕಂಡಿತು. ಲೈಬ್ರರಿಯೊಂದನ್ನು ಬದಲಿಸಿ, ಅದನ್ನು ಬಳಸುವ ಸೇವೆಗಳನ್ನು ಮತ್ತೆ ಶುರುಮಾಡಿದರೆ ಅವಷ್ಟಕ್ಕೂ ತೇಪೆ ಬಿದ್ದಂತೆ. ಅದೇ ಹಂಚಿಕೆಯ ಇನ್ನೊಂದು ಮುಖ 2022ರಲ್ಲಿ ಕಂಡಿತು. ಉಬುಂಟು ಲಿಬ್‌ಎಸ್‌ಎಸ್‌ಎಲ್ ಒಳಗೊಂಡ ಓಪನ್‌ಎಸ್‌ಎಸ್‌ಎಲ್ 1.1 ಅನ್ನು ಕೈಬಿಟ್ಟು, 2021ರ ಸೆಪ್ಟೆಂಬರ್‌ನಲ್ಲಿ ಬಂದಿದ್ದ 3.0ಕ್ಕೆ ಜಿಗಿಯಿತು. ಜೆಲ್ಲಿಫಿನ್ 10.7 ನಿಂತಿದ್ದ ಡಾಟ್‌ನೆಟ್ 5 ಎಂಬ ಬುನಾದಿ ತಂತ್ರಾಂಶಕ್ಕೆ ಹೊಸ ಲೈಬ್ರರಿಯ ಪರಿಚಯವಿರಲಿಲ್ಲ, ಡಾಟ್‌ನೆಟ್ 6ಕ್ಕಿತ್ತು. ಹಾಗಾಗಿ ಬುನಾದಿಯನ್ನೇ ಬದಲಿಸಿ, ಎಲ್ಲವನ್ನೂ ಹೊಸದಾಗಿ ಪರೀಕ್ಷಿಸಬೇಕಾಯಿತು. ಈ ಕೆಲಸ ಮಾಡಿದವರು ಸ್ವಯಂಸೇವಕರು.

ಹಳೆಯ ಉಬುಂಟುವಿನ ಲೈಬ್ರರಿಯನ್ನೇ ತಂದು ಹಾಕಿಕೊಂಡರಾಯಿತಲ್ಲ ಎನ್ನಬಹುದು. ಹಲವರು ಹಾಗೆಯೇ ಮಾಡಿದರು, ತಂತ್ರಾಂಶವೂ ಓಡಿತು. ಆದರೆ ಹೀಗೆ ಹೊರಗಿನಿಂದ ತಂದ ಕಡತಕ್ಕೆ 22.04ರ ಭಂಡಾರದಿಂದ ಅಪ್‌ಡೇಟ್ ಬರುವುದಿಲ್ಲ. ನಾಳೆ ಅದರಲ್ಲೊಂದು ದೋಷ ಕಂಡುಬಂದರೆ ಸರಿಪಡಿಸುವ ಹೊಣೆ ಪೂರ್ತಿ ನಮ್ಮದು. ಡಾಕರ್ ಕಂಟೇನರ್ ಬಳಸಬಹುದೆಂಬುದು ಇದಕ್ಕಿಂತ ಬಲವಾದ ವಾದ. ಅಲ್ಲಿ ತಂತ್ರಾಂಶ ತನ್ನ ಲೈಬ್ರರಿಗಳೊಂದಿಗೇ ಬರುವುದರಿಂದ ಕೆಳಗಿನ ಉಬುಂಟು ಯಾವುದಾದರೂ ನಡೆದೀತು. ಕಾಯಲು ಮನಸ್ಸಿಲ್ಲದವರಿಗೆ ಇದೇ ಸರಿಯಾದ ದಾರಿ. ಆದರೂ ಒಳಗಿನ ಲೈಬ್ರರಿಗೆ ತೇಪೆ ಬೀಳಬೇಕಾದರೆ ಕಂಟೇನರ್ ತಯಾರಿಸಿದವರು ಹೊಸ ಇಮೇಜ್ ಕೊಡಬೇಕು, ನಾವು ಅದನ್ನು ಇಳಿಸಿಕೊಳ್ಳಬೇಕು. ಹೀಗೆ ಉಬುಂಟುವನ್ನು ಕಾಯುವುದು ತಪ್ಪಿದರೂ ಇನ್ನೊಬ್ಬರನ್ನು ಕಾಯುವುದು ತಪ್ಪದು. ಜತೆಗೆ, ವಿಡಿಯೊ ಪರಿವರ್ತನೆಗೆ ಗ್ರಾಫಿಕ್ಸ್ ಚಿಪ್‌ನ ನೆರವು ಬೇಕಿದ್ದರೆ ಆ ಸಾಧನವನ್ನು ಕಂಟೇನರಿನೊಳಗೆ ಕಾಣುವಂತೆ ಪ್ರತ್ಯೇಕವಾಗಿ ಜೋಡಿಸಿಕೊಡಬೇಕು.

ಹಳೆಯದರಲ್ಲೇ ಉಳಿದರೆ ಅಪಾಯವಿಲ್ಲವೇ? ಇಲ್ಲಿ ‘ಹಳೆಯದು’ ಮತ್ತು ‘ಕೈಬಿಟ್ಟದ್ದು’ ಬೇರೆಬೇರೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ, 22.04ರ ಹಿಂದಿನ ಅಂಥ ಆವೃತ್ತಿಯಾದ 20.04ಕ್ಕೆ 2025ರವರೆಗೂ ಸಿಕ್ಕಿತು. ಉಬುಂಟು ಕೂಡ 20.04ರ ಬಳಕೆದಾರರಿಗೆ ಮೇಲೇರಲು ಸೂಚಿಸಿದ್ದು ಬಿಡುಗಡೆಯ ದಿನವಲ್ಲ, ಆಗಸ್ಟ್‌ನಲ್ಲಿ 22.04.1 ಬಂದ ಮೇಲೆ. ಅಷ್ಟರಲ್ಲಿ ಜೆಲ್ಲಿಫಿನ್ ಸಿದ್ಧವಾಗಿತ್ತು. ಆದ್ದರಿಂದ ನೋಡಬೇಕಾದದ್ದು ಹೊಸ ಆವೃತ್ತಿ ಬಂದ ದಿನಾಂಕವನ್ನಲ್ಲ, ಇರುವ ಆವೃತ್ತಿಯ ಬೆಂಬಲ ಮುಗಿಯುವ ದಿನಾಂಕವನ್ನು. ಆ ಗಡುವು ದೂರವಿದ್ದರೆ ಕಾಯುವುದೇ ಜಾಣತನ. ಹತ್ತಿರ ಬಂದಿದ್ದರೂ ತಂತ್ರಾಂಶ ಸಿದ್ಧವಾಗಿಲ್ಲವೆಂದರೆ ಬದಲಿಸಬೇಕಾದದ್ದು ತಂತ್ರಾಂಶವನ್ನು.