ಫೋರ್ ಬೈ ಫೋರ್ ಇದ್ರೂ ಗಾಡಿ ಕೆಸರಲ್ಲಿ ಹೂತುಕೊಳ್ಳೋದ್ಯಾಕೆ? ಆಫ್‌ರೋಡ್ ಡೇ ಬಗ್ಗೆ ತಾಲ್ಲೂಕಿನವರು ತಿಳಿದಿರಬೇಕಾದ ವಿಷಯಗಳು

ಸಕಲೇಶಪುರ: ಮಳೆ ಹಿಡಿದ ಮೇಲೆ ವೀಕೆಂಡ್ ಬಂತೆಂದರೆ ಬೆಂಗಳೂರು ಕಡೆಯಿಂದ ದೊಡ್ಡ ಟೈರಿನ ಥಾರ್, ಜಿಮ್ನಿ, ಗೂರ್ಖಾಗಳು ಸಾಲಾಗಿ ಊರಿಗೆ ಬರುತ್ತವೆ. ಹೋಟೆಲ್, ಪೆಟ್ರೋಲ್ ಬಂಕ್, ಹೋಂಸ್ಟೇಗಳಿಗೆ ವ್ಯಾಪಾರ. ಆದರೆ ಮಧ್ಯಾಹ್ನದ ಹೊತ್ತಿಗೆ ಹೆತ್ತೂರು, ಬಿಸಿಲೆ ಕಡೆಯ ಯಾವುದೋ ತೋಟದ ದಾರಿಯಿಂದ ಫೋನ್ ಬರುತ್ತೆ: 'ಅಣ್ಣಾ, ಟ್ರ್ಯಾಕ್ಟರ್ ಸಿಗುತ್ತಾ? ಗಾಡಿ ಹೂತ್ಕೊಂಡಿದೆ.' ಎಳೆಯೋಕೆ ಹೋಗೋದು ಊರಿನ ಹುಡುಗರೇ.

ಹದಿನೈದು, ಇಪ್ಪತ್ತು ಲಕ್ಷದ ಗಾಡಿ. ನಾಲ್ಕೂ ಚಕ್ರಕ್ಕೆ ಪವರ್ ಹೋಗುತ್ತೆ ಅಂತಾರೆ. ಮತ್ತೆ ಯಾಕೆ ಹೂತುಕೊಳ್ಳುತ್ತೆ? ಆಫ್‌ರೋಡ್ ಡೇಗಳಲ್ಲಿ ಹೇಳಿಕೊಡೋದು ಇದನ್ನೇ. ಗಾಡಿ ಕೊಳ್ಳುವವರಿಗೂ, ಎಳೆಯಲು ಹೋಗುವವರಿಗೂ, ಜಾಗ ಕೊಡುವವರಿಗೂ ಇದು ಗೊತ್ತಿದ್ದರೆ ಒಳ್ಳೆಯದು.

ಆಫ್‌ರೋಡ್ ಡೇ ಅಂದ್ರೆ ಏನು?

ಇದು ರೇಸ್ ಅಲ್ಲ. ಸಮಯ ನೋಡಿ ಬಹುಮಾನ ಕೊಡುವ ಸ್ಪರ್ಧೆಗಳು ಬೇರೆ. ಆಫ್‌ರೋಡ್ ಡೇಯಲ್ಲಿ ಕೆಸರು, ಏರು, ಅಡ್ಡ ಇಳಿಜಾರು, ಗುಂಡಿ, ಹಳ್ಳ ಹೀಗೆ ಒಂದೊಂದು ಅಡ್ಡಿಯನ್ನೂ ನಿಧಾನವಾಗಿ ದಾಟುವುದನ್ನು ಕಲಿಸುತ್ತಾರೆ. ಬೆಳಗ್ಗೆ ಅರ್ಧ ಗಂಟೆ ಪಾಠ, ಆಮೇಲೆ ಟ್ರ್ಯಾಕ್. ಗಾಡಿ ಮುಂದೆ ಒಬ್ಬ ನಿಂತು ಕೈಸನ್ನೆಯಲ್ಲಿ ದಾರಿ ತೋರಿಸುತ್ತಾನೆ, ಅವನಿಗೆ ಸ್ಪಾಟರ್ ಅಂತಾರೆ. ಡ್ರೈವರ್ ನೋಡಬೇಕಾದ್ದು ಅವನೊಬ್ಬನನ್ನೇ. ಸುತ್ತ ನಿಂತ ಹತ್ತು ಜನ ಹತ್ತು ಥರ ಕೂಗಿದರೆ ಗಾಡಿ ಗುಂಡಿಗೇ ಹೋಗೋದು.

ಕಂಪನಿಗಳೂ ಇದನ್ನು ನಡೆಸುತ್ತವೆ. ಬ್ರಿಟನ್ನಿನ ಲ್ಯಾಂಡ್ ರೋವರ್ ಕಂಪನಿ ಈಸ್ಟ್‌ನರ್ ಕ್ಯಾಸಲ್ ಎಂಬ ಎಸ್ಟೇಟಿನಲ್ಲಿ ಇಂಥ ಅನುಭವ ದಿನ ನಡೆಸುತ್ತೆ. ನಮ್ಮಲ್ಲಿ ಮಹೀಂದ್ರ ಕಂಪನಿಯ ಆಫ್‌ರೋಡ್ ತರಬೇತಿ ಮಹಾರಾಷ್ಟ್ರದ ಇಗತ್ಪುರಿಯಲ್ಲಿ ಹೆಸರು ಮಾಡಿದೆ. ಮಲೆನಾಡಲ್ಲಿ ಹೆಚ್ಚಾಗಿ ಕ್ಲಬ್ಬಿನವರೋ ಹೋಂಸ್ಟೇಯವರೋ ಖಾಸಗಿ ತೋಟದಲ್ಲಿ ಮಾಡ್ತಾರೆ.

ನಾಲ್ಕು ಚಕ್ರದ ಲೆಕ್ಕ

ಗಾಡಿ ತಿರುಗುವಾಗ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಓಡಬೇಕು. ಅದಕ್ಕೆ ಎರಡು ಚಕ್ರದ ನಡುವೆ ಡಿಫರೆನ್ಷಿಯಲ್ ಇರುತ್ತೆ. ಟಾರ್ ರೋಡಿನಲ್ಲಿ ಇದು ಬೇಕೇ ಬೇಕು. ಕೆಸರಲ್ಲಿ ಮಾತ್ರ ಇದೇ ಕೈಕೊಡುತ್ತೆ. ಒಂದು ಚಕ್ರ ಜಾರಿದರೆ ಅದು ಸುಮ್ಮನೆ ತಿರುಗುತ್ತಲೇ ಇರುತ್ತೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಅಲ್ಲಾಡೋದಿಲ್ಲ.

ಫೋರ್ ಬೈ ಫೋರ್ ಗಾಡಿಯಲ್ಲಿ ಮುಂದೆ ಒಂದು, ಹಿಂದೆ ಒಂದು ಡಿಫರೆನ್ಷಿಯಲ್ ಇರುತ್ತೆ. ಗುಂಡಿಯಲ್ಲಿ ಮುಂದಿನ ಎಡ ಚಕ್ರವೂ ಹಿಂದಿನ ಬಲ ಚಕ್ರವೂ ಒಟ್ಟಿಗೆ ಗಾಳಿಯಲ್ಲಿ ನಿಂತರೆ, ಆ ಎರಡೇ ತಿರುಗಿ ಗಾಡಿ ಅಲ್ಲೇ ನಿಲ್ಲುತ್ತೆ. ಫೋರ್ ಬೈ ಫೋರ್ ಇದ್ರೂ ಸಿಕ್ಕಿಹಾಕಿಕೊಳ್ಳೋದು ಹೀಗೆ.

ಇದಕ್ಕೆ ಎರಡು ಮದ್ದಿವೆ. ಒಂದು ಡಿಫರೆನ್ಷಿಯಲ್ ಲಾಕ್. ಅದು ಎರಡೂ ಚಕ್ರವನ್ನು ಒಟ್ಟಿಗೇ ತಿರುಗಿಸುತ್ತೆ. ಫೋರ್ಸ್ ಗೂರ್ಖಾದಲ್ಲಿ ಮುಂದೆ, ಹಿಂದೆ ಎರಡೂ ಕಡೆ ಲಾಕ್ ಇದೆ. ಇನ್ನೊಂದು, ಜಾರುವ ಚಕ್ರಕ್ಕೆ ಕಂಪ್ಯೂಟರೇ ಬ್ರೇಕ್ ಹಿಡಿದು ಪವರ್ ಅನ್ನು ಇನ್ನೊಂದು ಚಕ್ರಕ್ಕೆ ತಳ್ಳುವ ವ್ಯವಸ್ಥೆ. ಜಿಮ್ನಿಯಲ್ಲಿ ಇರೋದು ಇದು. ಇದು ಕೆಲಸ ಮಾಡಬೇಕಾದರೆ ಆಕ್ಸಿಲರೇಟರನ್ನು ಸ್ವಲ್ಪ ಹೊತ್ತು ಒಂದೇ ಸಮ ಒತ್ತಿ ಹಿಡಿಯಬೇಕು. ಚಕ್ರ ಜಾರಿದ ಕೂಡಲೇ ಹೆದರಿ ಕಾಲು ತೆಗೆದರೆ ಕಂಪ್ಯೂಟರಿಗೆ ಕೆಲಸವೇ ಇಲ್ಲ. ಅದಕ್ಕೇ ತರಬೇತಿ ಬೇಕಾಗೋದು.

2ಎಚ್, 4ಎಚ್, 4ಎಲ್: ಯಾವಾಗ ಯಾವುದು?

ಗೇರ್ ಪಕ್ಕದ ಚಿಕ್ಕ ಲಿವರಿನಲ್ಲಿ, ಕೆಲವು ಗಾಡಿಗಳಲ್ಲಿ ಗುಂಡಿ ಅಥವಾ ತಿರುಪಿನಲ್ಲಿ ಈ ಮೂರು ಇರುತ್ತವೆ. 2ಎಚ್ ಅಂದ್ರೆ ಮಾಮೂಲಿ ರಸ್ತೆಗೆ. 4ಎಚ್ ಮಣ್ಣು ರಸ್ತೆ, ತೆಳು ಕೆಸರು, ಜಾರು ಹುಲ್ಲಿಗೆ. 4ಎಲ್ ಕಡಿದಾದ ಏರು, ಇಳಿಜಾರು, ಕಲ್ಲು, ಆಳದ ಕೆಸರಿಗೆ. 4ಎಲ್ ಹಾಕಿದರೆ ವೇಗ ಇಳಿಯುತ್ತೆ, ಎಳೆಯುವ ಶಕ್ತಿ ಎರಡು ಪಟ್ಟಿಗೂ ಹೆಚ್ಚಾಗುತ್ತೆ.

ತುಂಬಾ ಜನ ಮಾಡುವ ತಪ್ಪು ಅಂದ್ರೆ, ಥಾರ್, ಜಿಮ್ನಿಯಂಥ ಗಾಡಿಯನ್ನು ಒಣ ಟಾರ್ ರೋಡಿನಲ್ಲಿ 4ಎಚ್ ಹಾಕಿಯೇ ಓಡಿಸೋದು. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳ ಓಟ ಬೇರೆ ಬೇರೆ. ನಡುವೆ ಹೊಂದಾಣಿಕೆ ಇಲ್ಲದೆ ಗೇರುಗಳ ಮೇಲೆ ಒತ್ತಡ ಬಿದ್ದು ಸ್ಟೀರಿಂಗ್ ಬಿಗಿಯಾಗುತ್ತೆ, ಸಾಮಾನು ಹಾಳಾಗುತ್ತೆ.

ಇನ್ನೊಂದು ಮಾತು ಶಿರಾಡಿ ಘಾಟಿನಲ್ಲಿ ಓಡಾಡುವ ಎಲ್ಲರಿಗೂ. ಫೋರ್ ಬೈ ಫೋರ್ ಗಾಡಿಗೆ ಮುಂದೆ ಹೋಗೋಕೆ ಸಹಾಯ ಮಾಡುತ್ತೆ, ನಿಲ್ಲೋಕೆ ಅಲ್ಲ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯೋದು ಟೈರ್. ಮಾರುತಿ ಆಲ್ಟೋ ಇರಲಿ, ಥಾರ್ ಇರಲಿ, ಟೈರ್ ಸವೆದಿದ್ರೆ ಎರಡೂ ಒಂದೇ.

ಕೊಳ್ಳುವ ಮುಂಚೆ ಬೋರ್ಡ್ ನೋಡಿ

ತೋಟಕ್ಕೆ ಅಂತ ಸೆಕೆಂಡ್ ಹ್ಯಾಂಡ್ ಥಾರ್ ಕೊಳ್ಳುವವರು ಹುಷಾರಾಗಿರಬೇಕು. ಈಗಿನ ರೂಪದ ಥಾರ್ 2020ರಲ್ಲಿ ಬಂದಾಗ ಎಲ್ಲವೂ ಫೋರ್ ಬೈ ಫೋರ್. 2023ರ ಜನವರಿಯಿಂದ ಹಿಂದಿನ ಚಕ್ರಕ್ಕೆ ಮಾತ್ರ ಪವರ್ ಇರುವ ಮಾದರಿಯೂ ಮಾರಾಟದಲ್ಲಿದೆ. ದೂರದಿಂದ ನೋಡಿದರೆ ಎರಡೂ ಒಂದೇ ಥರ. ಒಳಗೆ ಕೂತು ಗೇರ್ ಪಕ್ಕ ಎರಡನೇ ಲಿವರ್ ಇದೆಯಾ ನೋಡಿ. 2024ರಲ್ಲಿ ಬಂದ ಐದು ಬಾಗಿಲಿನ ಥಾರ್ ರಾಕ್ಸ್‌ನಲ್ಲೂ ಎರಡೂ ಬಗೆ ಇವೆ. 2023ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಐದು ಬಾಗಿಲಿನ ಜಿಮ್ನಿಯಲ್ಲಿ ಎಲ್ಲ ಮಾದರಿಗೂ ಫೋರ್ ಬೈ ಫೋರ್ ಇದೆ.

ಆಲ್ ವೀಲ್ ಡ್ರೈವ್ ಅಂತ ಬರೆದಿರುವ ಕಾರುಗಳು ಬೇರೆಯೇ. ಗ್ರ್ಯಾಂಡ್ ವಿಟಾರಾ, ಎಕ್ಸ್‌ಯುವಿ 700 ಇವುಗಳ ಆ ಮಾದರಿಗಳಲ್ಲಿ 4ಎಲ್ ಇಲ್ಲ. ಜಾರು ರಸ್ತೆಗೆ ಸಾಕು, ಹುದುಲಿಗೆ ಸಾಲದು.

ನೆಲದಿಂದ ಎತ್ತರವನ್ನೂ ನೋಡಬೇಕು. ಥಾರ್ ಫೋರ್ ಬೈ ಫೋರಿಗೆ 226 ಮಿ.ಮೀ., ಜಿಮ್ನಿಗೆ 210 ಮಿ.ಮೀ. ಅಂತ ಕಂಪನಿಗಳು ಹೇಳುತ್ತವೆ. ಟ್ರ್ಯಾಕ್ಟರ್ ಓಡಾಡಿ ಬಿದ್ದ ಕೊರಕಲು ಇದಕ್ಕಿಂತ ಆಳ ಇದ್ದರೆ ಗಾಡಿಯ ಹೊಟ್ಟೆ ನೆಲಕ್ಕೆ ತಾಗಿ ಕೂರುತ್ತೆ. ಆಗ ಚಕ್ರ ಎಷ್ಟು ತಿರುಗಿದರೂ ಪ್ರಯೋಜನವಿಲ್ಲ. ಕೊರಕಲಿನ ಒಳಗೆ ಚಕ್ರ ಇಳಿಸದೆ ಎರಡೂ ಬದಿಯ ದಿಬ್ಬದ ಮೇಲೆ ಹಾಯಿಸಬೇಕು.

ತರಬೇತಿಯಲ್ಲಿ ಕಲಿಸುವ ಐದು ಪಾಠ

1. ಮೊದಲು ಇಳಿದು ನಡೆದು ನೋಡಿ. ಕಾಲಿಟ್ಟು ನೋಡದ ಹಳ್ಳಕ್ಕೆ ಚಕ್ರ ಇಡಬಾರದು.

2. ಏರಿನಲ್ಲಿ ಗಾಡಿ ಆಫ್ ಆದರೆ ಕ್ಲಚ್ ಒತ್ತಿ ಬಿಡಬೇಡಿ. ಬ್ರೇಕ್ ಹಿಡಿದು, ರಿವರ್ಸ್ ಗೇರ್ ಹಾಕಿ, ಬಂದ ದಾರಿಯಲ್ಲೇ ನೇರವಾಗಿ ಹಿಂದಕ್ಕೆ ಇಳಿಯಿರಿ. ಅಲ್ಲೇ ತಿರುಗಿಸಲು ಹೋದರೆ ಗಾಡಿ ಅಡ್ಡ ಬಿದ್ದು ಮಗುಚುತ್ತೆ.

3. ಇಳಿಜಾರಿನಲ್ಲಿ 4ಎಲ್, ಒಂದನೇ ಗೇರ್. ಕ್ಲಚ್ ಮೇಲೆ ಕಾಲು ಬೇಡ, ಎಂಜಿನ್ನೇ ಗಾಡಿಯನ್ನು ಹಿಡಿಯುತ್ತೆ. ಈಗಿನ ಗಾಡಿಗಳಲ್ಲಿ ಇದನ್ನೇ ಮಾಡುವ ಹಿಲ್ ಡಿಸೆಂಟ್ ಕಂಟ್ರೋಲ್ ಇರುತ್ತೆ. 1997ರಲ್ಲಿ ಲ್ಯಾಂಡ್ ರೋವರ್ ಫ್ರೀಲ್ಯಾಂಡರ್ ಗಾಡಿಯಲ್ಲಿ ಮೊದಲು ಬಂದದ್ದು ಅದು.

4. ಮೆತ್ತನೆ ನೆಲದಲ್ಲಿ ಟೈರಿನ ಗಾಳಿ 20 ಪಿಎಸ್ಐ ಆಸುಪಾಸಿಗೆ ಇಳಿಸಿದರೆ ಟೈರ್ ಅಗಲವಾಗಿ ನೆಲ ಹಿಡಿಯುತ್ತೆ. ಟಾರ್ ರೋಡ್ ಹತ್ತುವ ಮುಂಚೆ ಮತ್ತೆ ತುಂಬಿಸಲೇಬೇಕು. ಪಂಕ್ಚರ್ ಅಂಗಡಿಯವರಿಗೆ ಭಾನುವಾರ ಸಂಜೆ ಇದೊಂದು ವ್ಯಾಪಾರ.

5. ಥಾರ್ 650 ಮಿ.ಮೀ. ನೀರು ದಾಟುತ್ತೆ ಅಂತ ಕಂಪನಿ ಹೇಳೋದು ನಿಂತ ನೀರಿನ ಆಳದ ಲೆಕ್ಕ. ಮಳೆಯಲ್ಲಿ ಉಕ್ಕಿ ಹರಿಯುವ ಹಳ್ಳಕ್ಕೆ ಆ ಲೆಕ್ಕ ನಡೆಯಲ್ಲ. ನೀರಲ್ಲಿ ಆಫ್ ಆದ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಬಾರದು. ಒಳಗೆ ನೀರು ಎಳೆದುಕೊಂಡರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಮಾಮೂಲಿ ಇನ್ಶೂರೆನ್ಸ್‌ನಲ್ಲಿ ಸಾಮಾನ್ಯವಾಗಿ ಈ ನಷ್ಟ ಸಿಗೋದಿಲ್ಲ, ಎಂಜಿನ್ ಪ್ರೊಟೆಕ್ಟ್ ಬೇರೆ ಮಾಡಿಸಿರಬೇಕು.

ಎಳೆಯಲು ಹೋಗುವ ಹುಡುಗರು ಗಮನಿಸಿ

ಆಫ್‌ರೋಡ್‌ನಲ್ಲಿ ಗಾಡಿ ಹೂತುಕೊಳ್ಳೋದಕ್ಕಿಂತ ಅದನ್ನು ಎಳೆಯೋದೇ ಹೆಚ್ಚು ಅಪಾಯದ ಕೆಲಸ. ಬಿಗಿಯಾದ ವೈರ್ ರೋಪ್ ಅಥವಾ ಚೈನು ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬಡಿಯುತ್ತೆ. ಹುಕ್ ಕಿತ್ತು ಬಂದರೆ ಗುಂಡಿನಂತೆ ಹಾರುತ್ತೆ. ಇದರಿಂದ ಜೀವ ಹೋಗಬಹುದು.

ಹಗ್ಗವನ್ನು ಗಾಡಿಯ ಚಾಸಿಗೆ ಕೂರಿಸಿದ ಟೋ ಹುಕ್ಕಿಗೇ ಹಾಕಬೇಕು. ಬಂಪರಿಗಾಗಲಿ, ಟ್ರೇಲರ್ ಸಿಕ್ಕಿಸುವ ಗುಂಡಿಗಾಗಲಿ ಹಾಕಬಾರದು. ಹಗ್ಗದ ಮಧ್ಯಕ್ಕೆ ಒದ್ದೆ ಗೋಣಿಚೀಲ ಅಥವಾ ಕಂಬಳಿ ಹೊದಿಸಿದರೆ ತುಂಡಾದಾಗ ಹಾರುವುದು ಕಡಿಮೆ. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು, ಮೊಬೈಲ್ ಹಿಡಿದವರಂತೂ ಬೇಡವೇ ಬೇಡ. ಜರ್ಕ್ ಹೊಡೆಯದೆ ನಿಧಾನಕ್ಕೆ ಎಳೆಯಿರಿ. ಅದಕ್ಕೂ ಮುಂಚೆ ಗುದ್ದಲಿ ಹಿಡಿದು ಚಕ್ರದ ಮುಂದಿನ ಮಣ್ಣು ತೆಗೆದು ಕಲ್ಲೋ ಹಲಗೆಯೋ ಕೊಟ್ಟರೆ ಅರ್ಧ ಗಾಡಿಗಳು ಎಳೆಯದೆಯೇ ಮೇಲೆ ಬರ್ತವೆ.

ಜಾಗ ಕೊಡುವವರು, ಜೀಪ್ ಓಡಿಸುವವರು

ಸ್ವಂತ ಪಟ್ಟಾ ಜಮೀನಿನಲ್ಲಿ ಟ್ರ್ಯಾಕ್ ಮಾಡೋದು ಬೇರೆ, ಕಾಡಿಗೆ ನುಗ್ಗೋದು ಬೇರೆ. ಬಿಸಿಲೆ ಸುತ್ತ ಇರೋದು ಮೀಸಲು ಅರಣ್ಯ. ಅನುಮತಿ ಇಲ್ಲದೆ ಒಳಗೆ ಗಾಡಿ ಇಳಿಸಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಕೇಸ್ ಆಗುತ್ತೆ. ದಾರಿ ತೋರಿಸಲು ಜೊತೆಗೆ ಹೋದ ಊರಿನವರೂ ಅದರಲ್ಲಿ ಸಿಕ್ಕಿಬೀಳಬಹುದು. ಹುಲ್ಲುಗುಡ್ಡದ ಮೇಲೆ ಚಕ್ರ ಬಿದ್ದ ಗೆರೆ ಒಂದೆರಡು ಮಳೆಗೆ ಕೊರಕಲಾಗಿ, ಮಣ್ಣೆಲ್ಲ ಕೆಳಗಿನ ಗದ್ದೆಗೂ ಕುಡಿಯುವ ನೀರಿನ ಹಳ್ಳಕ್ಕೂ ಬರುತ್ತೆ. ಆನೆ ಓಡಾಡುವ ತಾಲ್ಲೂಕು ಬೇರೆ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಹೂತ ಗಾಡಿ ಬಿಡಿಸುತ್ತಾ ನಿಲ್ಲೋದು ಯಾರಿಗೂ ಒಳ್ಳೆಯದಲ್ಲ.

ದುಡ್ಡು ಪಡೆದು ಪ್ರವಾಸಿಗರನ್ನು ಜೀಪಿನಲ್ಲಿ ಕರೆದೊಯ್ಯುವವರಿಗೆ ಹಳದಿ ಬೋರ್ಡ್, ಪರ್ಮಿಟ್ ಇರಬೇಕು. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆ ಹೊಡೆದು ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಕೈಯೆತ್ತಬಹುದು. ಆಗ ಪರಿಹಾರದ ಹೊರೆ ಮಾಲೀಕನ ತಲೆಗೆ, ಅಂದ್ರೆ ತೋಟಕ್ಕೋ ಮನೆಗೋ ಬರುತ್ತೆ. ಕಬ್ಬಿಣದ ಬುಲ್ ಬಾರ್ ಹಾಕಿಸಬಾರದು ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಹೇಳಿದೆ.

ಆಫ್‌ರೋಡ್ ಡೇಗೆ ಜಾಗ ಕೇಳಿಕೊಂಡು ಬಂದವರ ಹತ್ತಿರ ನಾಲ್ಕು ಪ್ರಶ್ನೆ ಕೇಳಿ. ಟ್ರ್ಯಾಕ್ ಪೂರ್ತಿ ಪಟ್ಟಾ ಜಮೀನಿನಲ್ಲೇ ಇದೆಯಾ? ಪ್ರತಿ ಅಡ್ಡಿಯಲ್ಲೂ ಸ್ಪಾಟರ್ ಇರ್ತಾರಾ? ಎಳೆಯುವ ಸಾಮಾನು ಅವರದೇ ಇದೆಯಾ? ಯಾರಿಗಾದರೂ ಪೆಟ್ಟಾದರೆ ಸಕಲೇಶಪುರದ ಆಸ್ಪತ್ರೆಗೆ ಕರೆದೊಯ್ಯಲು ಒಂದು ಗಾಡಿ ಖಾಲಿ ನಿಂತಿರುತ್ತಾ? ನಾಲ್ಕಕ್ಕೂ ಹೌದು ಅಂದ್ರೆ ಜಾಗ ಕೊಡಿ. ಒಂದಕ್ಕೆ ತಡವರಿಸಿದ್ರೂ ಬೇಡ ಅನ್ನಿ.